ಬೆಟ್ಟದ ಗುಡಿ ಚಿಕ್ಕದು ಯಾಕೆ?



ಕಛೇರಿಯ ಕಿಟಕಿಯಲ್ಲಿ ಸೇವಾ ರಶೀದಿ ಮಾಡಿಸುವಾಗ ಯಾತ್ರಾರ್ಥಿಗಳು ಕೇಳುವ ಪ್ರಶ್ನೆಗಳು ನೂರಾರು. ಊಟ ಎಷ್ಟು ಗಂಟೆಗೆ, ಬಸ್ಸು ಯಾವಾಗ, ರೂಮು ಉಂಟಾ, ಇಂಥದ್ದೆಲ್ಲ. ಆದರೆ ಒಂದು ಪ್ರಶ್ನೆ ಮಾತ್ರ ನಾನು ಕೆಲಸಕ್ಕೆ ಸೇರಿದ ದಿನದಿಂದ ಇವತ್ತಿನವರೆಗೆ ಬದಲಾಗದೆ ಬರ್ತಾ ಉಂಟು. ಘಟ್ಟದ ಮೇಲಿನವರಾದರೆ "ಏನ್ ಸಾರ್, ಇಷ್ಟು ದೂರ ಹತ್ಕೊಂಡು ಹೋದ್ರೆ ಮೇಲಿರೋದು ಇಷ್ಟೇ ಗುಡೀನಾ?" ಎನ್ನುತ್ತಾರೆ. ನಮ್ಮೂರಿನವರಾದರೆ "ಅಲ್ಲ ಮಾರಾಯ್ರೆ, ಇಷ್ಟು ಕಾರಣಿಕದ ದೇವರಿಗೆ ಒಂದು ಒಳ್ಳೆ ಗುಡಿ ಕಟ್ಟಿಸ್ಲಿಕ್ಕೆ ಆಗುದಿಲ್ವಾ?" ಎನ್ನುತ್ತಾರೆ. ಅದರ ಬೆನ್ನಿಗೇ ಇನ್ನೊಂದು ಮಾತು: "ಕಟ್ಟಿಸುವುದಾದರೆ ಹೇಳಿ, ನಾವು ಕೊಡ್ತೇವೆ."

ಹಿಂದೆ ಸಾಲು ಬೆಳೆದಿರುವಾಗ ಕಿಟಕಿಯಲ್ಲಿ ಇದಕ್ಕೆ ಉತ್ತರ ಹೇಳುವುದು ಕಷ್ಟ. ಪ್ರಶ್ನೆ ಕೇಳಿದವರ ಮನಸ್ಸು ಒಳ್ಳೆಯದೇ. ಆದರೆ ಬೆಟ್ಟದ ಗುಡಿ ಚಿಕ್ಕದಾಗಿರುವುದು ಹಿಂದಿನವರಿಗೆ ಗತಿ ಇರಲಿಲ್ಲ ಎಂಬ ಕಾರಣಕ್ಕಲ್ಲ. ಅದು ಚಿಕ್ಕದಾಗಿಯೇ ಇರಬೇಕಾದ್ದು. ಈ ಪುಸ್ತಕ ಕೈಯಲ್ಲಿ ಹಿಡಿದವರಲ್ಲಿ ಹೆಚ್ಚಿನವರು ಪುತ್ತೂರು, ಸುಳ್ಯ, ಕಡಬದ ಕಡೆ ನಾಲ್ಕಾರು ಕ್ಷೇತ್ರ ನೋಡಿಕೊಂಡು ಹೋಗುವವರು. ಆದ್ದರಿಂದ ಎಲ್ಲರೂ ಹೇಗೂ ನೋಡುವ ಕುಮಾರಧಾರಾ ನದಿಯನ್ನೇ ಹಿಡಿದುಕೊಂಡು, ಅದು ಹುಟ್ಟುವ ಬೆಟ್ಟದ ತುದಿಯಿಂದ ನೇತ್ರಾವತಿಗೆ ಸೇರುವ ಉಪ್ಪಿನಂಗಡಿಯವರೆಗೆ ಇರುವ ಮೂರು ಸ್ಥಾನಗಳ ಮೂಲಕ ಈ ವಿಷಯ ತಿಳಿಸುತ್ತೇನೆ. ಓದಿ ನೋಡಿ, ಆಮೇಲೆ ಕೊಡುವುದು ಬಿಡುವುದು ನಿಮ್ಮ ಇಷ್ಟ.

ತುದಿಯ ಗುಡಿ

ಕುಕ್ಕೆ ಸುಬ್ರಹ್ಮಣ್ಯ ದೇವಸ್ಥಾನದ ಹಿಂದೆ ಆಕಾಶಕ್ಕೆ ಎದ್ದು ನಿಂತದ್ದು ಕುಮಾರ ಪರ್ವತ. ನಡುವೆ ಹೆಡೆ ಬಿಚ್ಚಿದ ಹಾಗೆ ಕಾಣುವುದು ಶೇಷ ಪರ್ವತ. ಕುಮಾರ ಪರ್ವತವನ್ನು ಕೊಡಗಿನವರು ಪುಷ್ಪಗಿರಿ ಎನ್ನುತ್ತಾರೆ. ಎತ್ತರ ಸಮುದ್ರಮಟ್ಟದಿಂದ 1712 ಮೀಟರು. ಕೊಡಗಿನಲ್ಲಿ ತಡಿಯಂಡಮೋಳ್ ಬಿಟ್ಟರೆ ಇದೇ ಎತ್ತರ. ಕೆಳಗೆ ಸುಬ್ರಹ್ಮಣ್ಯ ಪೇಟೆ ಇರುವುದು ನೂರು ಚಿಲ್ಲರೆ ಮೀಟರು ಎತ್ತರದಲ್ಲಿ. ಅಂದರೆ ಹತ್ತುವವನು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು ನೆಟ್ಟಗೆ ಮೇಲೆ ಹೋಗಬೇಕು. ದಾರಿಯ ಉದ್ದ ಒಂದು ಕಡೆಗೇ ಹನ್ನೆರಡು ಹದಿಮೂರು ಕಿಲೋಮೀಟರು. ಮೊದಲರ್ಧ ದಟ್ಟ ಕಾಡು, ಇಂಬಳದ ರಾಜ್ಯ. ಗಿರಿಗದ್ದೆ ದಾಟಿದ ಮೇಲೆ ಬೋಳು ಹುಲ್ಲುಗಾವಲು. ಅಲ್ಲಿಂದ ಮುಂದೆ ಕಲ್ಲು ಮಂಟಪ ಸಿಗುತ್ತದೆ. ಕಲ್ಲಿನ ಕಂಬ, ಮೇಲೆ ಕಲ್ಲಿನ ಚಪ್ಪಡಿ. ಬಿಸಿಲಿಗೂ ಗಾಳಿಗೂ ಹೆದರಿದವನಿಗೆ ಅಷ್ಟೇ ಆಶ್ರಯ. ಆಮೇಲೆ ಶೇಷ ಪರ್ವತ, ಅಲ್ಲಿಂದ ಇಳಿದು ಶೋಲೆ ಕಾಡು, ಜಾರುವ ಬಂಡೆ, ಆಮೇಲೆ ಶಿಖರ.

ಶಿಖರದ ಮೇಲೆ ಇರುವುದು ಕಾಡುಕಲ್ಲು ಪೇರಿಸಿದ ಶಿವನ ಪುಟ್ಟ ಗುಡಿ. ರಾಜಗೋಪುರ ಇಲ್ಲ, ಸುತ್ತುಪೌಳಿ ಇಲ್ಲ, ಕೊಡಿಮರ ಇಲ್ಲ, ಕರೆಂಟು ಇಲ್ಲ. ಬೆಂಗಳೂರಿನಲ್ಲಿ ಕೆಲವರ ಮನೆಯ ದೇವರ ಕೋಣೆಯೇ ಇದಕ್ಕಿಂತ ದೊಡ್ಡದು.

ಈಗ ಯೋಚಿಸಿ. ಸ್ಥಳಪುರಾಣದ ಪ್ರಕಾರ ತಾರಕಾಸುರನನ್ನು ಕೊಂದ ಷಣ್ಮುಖಸ್ವಾಮಿ ಗಣಪತಿಯೇ ಮೊದಲಾದವರೊಡನೆ ಬಂದದ್ದು ಈ ಬೆಟ್ಟಕ್ಕೆ. ಶಕ್ತ್ಯಾಯುಧ ತೊಳೆದದ್ದು ಈ ಧಾರೆಯಲ್ಲಿ. ನದಿಗೆ ಕುಮಾರಧಾರಾ ಎಂಬ ಹೆಸರು ಅದರಿಂದಲೇ ಬಂತೆಂದು ಪ್ರತೀತಿ. ಇಂದ್ರನ ಮಗಳು ದೇವಸೇನೆಯನ್ನು ಮಾರ್ಗಶಿರ ಶುದ್ಧ ಷಷ್ಠಿಯಂದು ಮದುವೆಯಾದದ್ದೂ ಇಲ್ಲೇ. ಚಂಪಾಷಷ್ಠಿಯ ತೇರಿಗೆ ಮೂಲ ಅದು. ಮಧ್ವಾಚಾರ್ಯರ ತಮ್ಮಂದಿರಾದ ಶ್ರೀ ವಿಷ್ಣುತೀರ್ಥರು ತಪಸ್ಸಿಗೆ ಹೋದದ್ದು ಈ ಬೆಟ್ಟಕ್ಕೇ ಎಂದು ಮಾಧ್ವ ಸಂಪ್ರದಾಯ ನಂಬಿಕೊಂಡು ಬಂದಿದೆ. ಇಷ್ಟೆಲ್ಲ ಮಹಿಮೆ ಇರುವ ಜಾಗ. ಇಲ್ಲಿ ದೊಡ್ಡ ದೇವಸ್ಥಾನ ಕಟ್ಟಿಸುವ ಶಕ್ತಿ ಹಿಂದಿನ ಅರಸರಿಗೆ ಇರಲಿಲ್ಲವಾ? ಕೆಳಗೆ ಕಟ್ಟಿಸಿದರಲ್ಲ! ಮಠ ಇರುವುದೂ ಕೆಳಗೆ. ತೇರು ಎಳೆಯುವುದೂ ಕೆಳಗೆ. ಮೇಲಿನದ್ದನ್ನು ಮೇಲಿನದ್ದಾಗಿಯೇ ಬಿಟ್ಟರು. ಬೆಟ್ಟವೇ ದೇವರು, ಗುಡಿ ಬರೇ ಗುರುತು ಎಂಬ ತಿಳುವಳಿಕೆ ಅವರಿಗೆ ಇತ್ತು ಎಂದು ನನಗೆ ಕಾಣುತ್ತದೆ. ಕಲ್ಲು ಹೊರುವ ಕಷ್ಟವೂ ಒಂದು ಕಾರಣ ಹೌದು, ಇಲ್ಲ ಎನ್ನುವುದಿಲ್ಲ. ಆದರೆ ಕಷ್ಟ ಒಂದೇ ಕಾರಣ ಆಗಿದ್ದರೆ ಹೆಲಿಕಾಪ್ಟರು ಬಂದ ಮೇಲೆ ಬೆಟ್ಟಗಳ ಗುಡಿಯೆಲ್ಲ ದೊಡ್ಡದಾಗಬೇಕಿತ್ತು ಎಂದು ನಾವೇ ವಾದಿಸಿದ ಹಾಗೆ ಆಗ್ತದೆ. ಆ ವಾದ ಎಲ್ಲಿಗೆ ಒಯ್ಯುತ್ತದೆ ಎಂದು ಮುಂದೆ ಹೇಳುತ್ತೇನೆ.

ಹುತ್ತವೇ ಗರ್ಭಗುಡಿ

ಬೆಟ್ಟ ಹತ್ತಲಾರದವರು ಆದಿ ಸುಬ್ರಹ್ಮಣ್ಯಕ್ಕೆ ಹೋಗಿ. ಮುಖ್ಯ ದೇವಸ್ಥಾನದಿಂದ ನಡೆದು ಹೋಗುವಷ್ಟು ಹತ್ತಿರ, ದರ್ಪಣ ತೀರ್ಥ ಎಂಬ ಹೊಳೆಯ ಪಕ್ಕ. ಅವಸರದಲ್ಲಿ ಬಂದವರು ಮುಖ್ಯ ದೇವಸ್ಥಾನ ನೋಡಿ, ಊಟ ಮಾಡಿ, ಬಸ್ಸು ಹತ್ತುತ್ತಾರೆ. ಹಾಗೆ ಮಾಡಬಾರದು. ಕ್ಷೇತ್ರದ ಬೇರು ಇರುವುದು ಇಲ್ಲಿ.

ಇಲ್ಲಿ ಪೂಜೆ ಆಗುವುದು ಹುತ್ತಕ್ಕೆ. ಗರುಡನಿಂದ ರಕ್ಷಣೆ ಬೇಡಿ ವಾಸುಕಿ ಈ ಕ್ಷೇತ್ರದಲ್ಲಿ ತಪಸ್ಸು ಮಾಡಿದ ಕಥೆ ಎಲ್ಲರಿಗೂ ಗೊತ್ತು, ಬಿಲದ್ವಾರದ ಗುಹೆಯನ್ನೂ ನೀವು ನೋಡಿರುತ್ತೀರಿ. ಮುಖ್ಯ ಗರ್ಭಗುಡಿಯಲ್ಲಿ ಮೇಲೆ ಸುಬ್ರಹ್ಮಣ್ಯ, ನಡುವೆ ವಾಸುಕಿ, ಕೆಳಗೆ ಶೇಷ. ಆದರೆ ಆದಿ ಸುಬ್ರಹ್ಮಣ್ಯದಲ್ಲಿ ಶಿಲ್ಪಿ ಕೆತ್ತಿದ್ದಕ್ಕಿಂತ ದೊಡ್ಡದು ಗೆದ್ದಲು ಕಟ್ಟಿದ್ದು. ವರ್ಷಕ್ಕೊಮ್ಮೆ ಈ ಹುತ್ತದ ಮಣ್ಣು ತೆಗೆದು ಮೂಲ ಮೃತ್ತಿಕೆ ಎಂದು ಪ್ರಸಾದವಾಗಿ ಕೊಡುತ್ತಾರೆ. ಚಿನ್ನ ಬೆಳ್ಳಿ ಇರುವ ಕ್ಷೇತ್ರದಲ್ಲಿ ಅತ್ಯಂತ ಶ್ರೇಷ್ಠ ಪ್ರಸಾದ ಯಾವುದು ಕೇಳಿದರೆ ಒಂದು ಚಿಟಿಕೆ ಮಣ್ಣು!

ಹುತ್ತ ಎಂದರೆ ಏನು ಎಂದು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಗೆದ್ದಲು (ನಾವು ಒರಲೆ ಅಂತೇವೆ) ನೆಲದಡಿಯಿಂದ ಜೇಡಿಮಣ್ಣನ್ನು ಕಣ ಕಣವಾಗಿ ತಂದು ಜೊಲ್ಲಿನಲ್ಲಿ ಕಲಸಿ ಕಟ್ಟುವ ಮನೆ ಅದು. ಒಳಗೆ ಗಾಳಿ ಆಡುವ ಕೊಳವೆಗಳು, ಕೋಣೆಗಳು. ಹೊರಗೆ ಎಷ್ಟೇ ಬಿಸಿಲಿದ್ದರೂ ಒಳಗೆ ತಂಪು, ತೇವ. ಒಳಗೆ ಗೆದ್ದಲು ಒಂದು ಜಾತಿಯ ಅಣಬೆಯನ್ನು ಬೆಳೆಸುತ್ತದೆ. ಮಳೆಗಾಲದ ಸುರುವಿಗೆ ಹುತ್ತದ ಮೇಲೆ ಕೊಡೆ ಬಿಚ್ಚುವುದು ಅದೇ. ಗೆದ್ದಲು ಬಿಟ್ಟುಹೋದ ಹುತ್ತದಲ್ಲಿ ಹಾವು ಸೇರುತ್ತದೆ. ಅಂದರೆ ಹುತ್ತ ಕಲ್ಲಿನ ಹಾಗೆ ಸತ್ತ ವಸ್ತು ಅಲ್ಲ, ಜೀವ ಇರುವಂಥದ್ದು, ಬೆಳೆಯುವಂಥದ್ದು. ಅದಕ್ಕೆ ಬೇಕಾದ್ದು ಸುತ್ತಲಿನ ಮಣ್ಣು, ತೇವ, ಮರದ ನೆರಳು.

ನಮ್ಮ ಊರುಗಳ ನಾಗಬನಗಳ ವಿಷಯದಲ್ಲಿ ಜನ ಮರೆತದ್ದು ಇದನ್ನೇ. ಹಿಂದೆ ಬನ ಅಂದರೆ ಬನವೇ. ಸುರಹೊನ್ನೆ, ನಾಗಸಂಪಿಗೆ, ಬೈನೆ, ಬಳ್ಳಿ, ಅದರಡಿಯಲ್ಲಿ ನಾಲ್ಕು ನಾಗನ ಕಲ್ಲು. ವರ್ಷಕ್ಕೊಮ್ಮೆ ಹೋಗಿ ತನು ಎರೆದು ತಂಬಿಲ ಕೊಟ್ಟು ಹಿಂದೆ ನೋಡದೆ ಬರುವುದು. ಈಗ ಎಷ್ಟೋ ಕಡೆ ಮರ ಕಡಿದು, ಸಿಮೆಂಟು ಕಟ್ಟೆ ಮಾಡಿ, ಟೈಲ್ಸ್ ಹಾಕಿ, ಸುತ್ತ ಸ್ಟೀಲಿನ ಬೇಲಿ ಹಾಕಿ "ಜೀರ್ಣೋದ್ಧಾರ" ಆಗಿದೆ. ನೋಡಲಿಕ್ಕೆ ಚಂದ, ತೊಳೆಯಲಿಕ್ಕೆ ಸುಲಭ. ಆದರೆ ಮಧ್ಯಾಹ್ನದ ಬಿಸಿಲಿಗೆ ಕಾದ ಆ ಕಾಂಕ್ರೀಟಿನ ಮೇಲೆ ಯಾವ ನಾಗ ಬಂದು ಕೂರುತ್ತದೆ? ಇದು ನನ್ನ ಒಬ್ಬನ ಮಾತಲ್ಲ, ಬನಗಳ ಬಗ್ಗೆ ತಿಳಿದ ತಂತ್ರಿಗಳೂ ಹೇಳುತ್ತಾ ಬಂದಿದ್ದಾರೆ.

ಹುತ್ತಕ್ಕೆ ಹಾಲು ಸುರಿಯುವ ಬಗ್ಗೆಯೂ ಒಂದು ಮಾತು. ಹಾವು ಹಾಲು ಕುಡಿಯುವ ಪ್ರಾಣಿ ಅಲ್ಲ. ನಂಬಿಕೆಗೆ ಒಂದು ಕುಡ್ತೆ ಸಾಕು, ಅದೂ ಅರ್ಚಕರು ಹೇಳಿದ ಜಾಗದಲ್ಲಿ. ಪ್ಯಾಕೆಟು ಗಟ್ಟಲೆ ಸುರಿದರೆ ಹುಳಿತು ಇರುವೆ ಮುತ್ತುವುದು ಬಿಟ್ಟರೆ ಬೇರೆ ಏನೂ ಆಗುವುದಿಲ್ಲ.

ಇನ್ನು ಕುಕ್ಕೆ ಎಂಬ ಹೆಸರು. ಬಿಲ, ಗುಹೆ ಎಂಬ ಅರ್ಥದ ಕುಕ್ಷಿ ಶಬ್ದದಿಂದ ಬಂತು ಎನ್ನುವವರಿದ್ದಾರೆ. ಕುಕ್ಕೆ ಎಂದರೆ ಬುಟ್ಟಿ, ಕಾಡಿನಲ್ಲಿ ಸಿಕ್ಕಿದ ಲಿಂಗಗಳನ್ನು ಬುಟ್ಟಿಯಲ್ಲಿಟ್ಟು ಪೂಜಿಸಿದ್ದರಿಂದ ಕುಕ್ಕೆಲಿಂಗ ಎಂದಾಯಿತು ಎಂಬ ಐತಿಹ್ಯವೂ ಉಂಟು. ಈ ಐತಿಹ್ಯದಲ್ಲಿ ಮಲೆಕುಡಿಯರ ಹೆಸರು ಬರುತ್ತದೆ. ಬೆಟ್ಟದಲ್ಲೇ ಹುಟ್ಟಿ ಬೆಳೆದ ಜನ ಅವರು. ಇವತ್ತಿಗೂ ಚಂಪಾಷಷ್ಠಿಯ ಬ್ರಹ್ಮರಥ ಕಟ್ಟುವವರು ಅವರೇ. ಕಾಡಿನಿಂದ ತಂದ ಬಿದಿರು, ಬೆತ್ತದಿಂದಲೇ ಅಷ್ಟು ದೊಡ್ಡ ತೇರಿಗೆ ಅಟ್ಟೆ ಕಟ್ಟಿ ನಿಲ್ಲಿಸುತ್ತಾರೆ. ಎರಡು ವ್ಯುತ್ಪತ್ತಿಯಲ್ಲಿ ನನಗೆ ಬುಟ್ಟಿಯ ಕಥೆಯೇ ಹೆಚ್ಚು ಹಿಡಿಸುತ್ತದೆ. ಬುಟ್ಟಿಗಿಂತ ಚಿಕ್ಕ ಗುಡಿ ಯಾವುದುಂಟು? ಕೈಯಲ್ಲಿ ಹಿಡಿದುಕೊಂಡು ಹೋಗಬಹುದು.

ಮಾಡು, ಮುರಕಲ್ಲು, ಮಳೆ

ಗುಡಿ ಹೇಗೆ ನೋಡುವುದು ಎಂದು ಸ್ವಲ್ಪ ಹೇಳುತ್ತೇನೆ, ನೋಡುವ ಕಣ್ಣು ಇದ್ದರೆ ಚಿಕ್ಕ ಗುಡಿಯಲ್ಲೂ ಅರ್ಧ ಗಂಟೆ ಕಳೆಯಬಹುದು.

ಘಟ್ಟದ ಬುಡದಲ್ಲಿ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಬಯಲುಸೀಮೆಯಿಂದ ಬಂದವರಿಗೆ ಹೀಗೆ ಹೇಳಿದರೆ ಗೊತ್ತಾದೀತು: ನಿಮ್ಮಲ್ಲಿ ಏಳೆಂಟು ವರ್ಷ ಬೀಳುವ ಮಳೆ ನಮ್ಮಲ್ಲಿ ಒಂದೇ ವರ್ಷಕ್ಕೆ, ಅದರಲ್ಲೂ ಹೆಚ್ಚಿನದ್ದು ಆಟಿ ಸೋಣ ತಿಂಗಳ ಒಳಗೆ. ಹಂಪಿಯ ಹಾಗೆ ಸಮತಟ್ಟು ಕಲ್ಲಿನ ಛಾವಣಿ ಮಾಡಿದರೆ ಇಲ್ಲಿ ನೀರು ನಿಲ್ಲುತ್ತದೆ, ಪಾಚಿ ಹಿಡಿಯುತ್ತದೆ, ಸಂದಿನಲ್ಲಿ ಅಶ್ವತ್ಥದ ಬೀಜ ಮೊಳೆಯುತ್ತದೆ. ಆದ್ದರಿಂದ ನಮ್ಮ ಹಳೆಯ ಗುಡಿಗಳಿಗೆಲ್ಲ ಕಡಿದಾದ ಮಾಡು. ಗೋಡೆಗಿಂತ ಹೊರಗೆ ಚಾಚಿದ ಇಳಿಜಾರು. ದೂರದಿಂದ ನೋಡಿದರೆ ಗೋಡೆ ಕಾಣುವುದೇ ಇಲ್ಲ, ಮಾಡೇ ಗುಡಿ.

ಗೋಡೆ ಮುರಕಲ್ಲಿನದು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು ಗಾಳಿ ತಾಗಿದ ಹಾಗೆ ಗಟ್ಟಿಯಾಗುವುದು ಈ ಕಲ್ಲಿನ ಗುಣ. 1807ರಲ್ಲಿ ಬುಕಾನನ್ ಎಂಬ ಸ್ಕಾಟ್ಲೆಂಡಿನವರು ಮಲಬಾರಿನಲ್ಲಿ ಇದನ್ನು ಕಂಡ ಬಗ್ಗೆ ಬರೆದು ಲ್ಯಾಟರೈಟ್ ಎಂದು ಹೆಸರಿಟ್ಟರು. ಲ್ಯಾಟಿನಿನಲ್ಲಿ ಇಟ್ಟಿಗೆ ಎಂದು ಅರ್ಥ. ಗರ್ಭಗುಡಿಯ ಬುಡಕ್ಕೆ, ಸೋಪಾನಕ್ಕೆ, ಬಲಿಕಲ್ಲಿಗೆ ಮಾತ್ರ ಶಿಲೆಕಲ್ಲು. ಯಾಕೆಂದರೆ ನೀರು ತಾಗುವುದು, ಕಾಲು ತಾಗುವುದು ಅಲ್ಲಿಗೆ. ಹೆಚ್ಚು ಸವೆಯುವಲ್ಲಿ ಹೆಚ್ಚು ಗಟ್ಟಿಯದು, ಉಳಿದಲ್ಲಿ ಹತ್ತಿರ ಸಿಕ್ಕಿದ್ದು. ಲೆಕ್ಕಾಚಾರ ಅಂದರೆ ಅದು.

ಮಾಡಿನ ಹೊದಿಕೆ ಕಾಲಕ್ಕೆ ತಕ್ಕ ಹಾಗೆ ಬದಲಾಗಿದೆ. ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಮಂಗಳೂರು ಹಂಚು ಊರೂರಿಗೆ ಬಂದದ್ದು ಅದರ ನಂತರ. ಅದಕ್ಕೆ ಮೊದಲು ಅನುಕೂಲ ಇದ್ದ ದೇವಸ್ಥಾನಕ್ಕೆ ತಾಮ್ರ, ಇಲ್ಲದ ಗುಡಿಗೆ ಮುಳಿಹುಲ್ಲು. ಮುಳಿಹುಲ್ಲು ಎಲ್ಲಿಯದು? ಬೆಟ್ಟದ ಮೇಲಿನದ್ದೇ. ಬೇಸಿಗೆಯಲ್ಲಿ ಕೊಯ್ದು ತಂದು, ಊರವರೆಲ್ಲ ಸೇರಿ ಮಳೆಗೆ ಮೊದಲು ಹೊದೆಸುವುದು. ಹೀಗೆ ವರ್ಷ ವರ್ಷ ಕೈ ತಾಗುವ ಗುಡಿ ಹಾಳಾಗುವುದಿಲ್ಲ. ಹೊದಿಕೆ ಹೊಸತು, ಗುಡಿ ಹಳತು. ಈಗ ಒಮ್ಮೆ ಕಾಂಕ್ರೀಟು ಹಾಕಿ "ಇನ್ನು ನೂರು ವರ್ಷ ನೋಡುವುದು ಬೇಡ" ಎನ್ನುತ್ತಾರೆ. ಇಪ್ಪತ್ತೈದು ಮೂವತ್ತು ಮಳೆಗಾಲ ಕಳೆಯುವಾಗ ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸ್ಲ್ಯಾಬು ಬಿರಿಯುತ್ತದೆ. ಆಗ ಮತ್ತೊಂದು ಜೀರ್ಣೋದ್ಧಾರ ಸಮಿತಿ!

ಮಳೆ ನಾಡಿನಲ್ಲಿ ಗುಡಿ ಚಿಕ್ಕದಾದಷ್ಟೂ ಮಾಡು ಚಿಕ್ಕದು, ಮಾಡು ಚಿಕ್ಕದಾದಷ್ಟೂ ಸೋರುವುದು ಕಡಿಮೆ. ಹಿಮ ಬೀಳುವ ದೇಶದವರೂ ಇದನ್ನೇ ಮಾಡಿದ್ದಾರೆ. ಯೂರೋಪಿನ ಆಲ್ಪ್ಸ್ ಪರ್ವತಗಳಲ್ಲಿ ದನ ಮೇಯಿಸುವವರು ಕಟ್ಟಿಕೊಂಡ ಚಿಕ್ಕ ಪ್ರಾರ್ಥನಾ ಮಂದಿರಗಳು ಇದ್ದಾವೆ, ಹತ್ತು ಹದಿನೈದು ಜನ ಹಿಡಿಯುವಂಥದ್ದು. ಗೋಡೆಗೆ ಅಲ್ಲಿಯದೇ ಕಲ್ಲು, ಮಾಡಿಗೆ ಮರದ ಚಕ್ಕೆ ಅಥವಾ ಕಲ್ಲಿನ ಹಲಗೆ. ದೇವರು ಬೇರೆ, ಭಾಷೆ ಬೇರೆ, ಬೆಟ್ಟದವರ ಬುದ್ಧಿ ಒಂದೇ.

ಉಪ್ಪಿನಂಗಡಿಯ ಮರಳು

ನದಿಯ ಜೊತೆ ಇಳಿದು ಹೋದರೆ ಪುತ್ತೂರು ತಾಲೂಕಿನ ಉಪ್ಪಿನಂಗಡಿ. ಇಲ್ಲಿ ಕುಮಾರಧಾರೆ ನೇತ್ರಾವತಿಯನ್ನು ಸೇರುತ್ತದೆ. ದಡದಲ್ಲಿ ಸಹಸ್ರಲಿಂಗೇಶ್ವರ ದೇವಸ್ಥಾನ. ಪಿತೃಕಾರ್ಯಕ್ಕೆ ದೂರದೂರದಿಂದ ಜನ ಬರುತ್ತಾರೆ. ದೇವಸ್ಥಾನ ದೊಡ್ಡದೇ. ಆದರೆ ನದಿಯ ಗರ್ಭದಲ್ಲಿ ಒಂದು ಉದ್ಭವಲಿಂಗ ಉಂಟು. ಮಳೆಗಾಲದಲ್ಲಿ ನೀರಿನಡಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ, ಮಖೆ ಕೂಟದ ಕಾಲಕ್ಕೆ, ಅದಕ್ಕೆ ಅಲ್ಲೇ ಪೂಜೆ. ಮಾಡಿಲ್ಲ, ಗೋಡೆಯಿಲ್ಲ, ಆಕಾಶವೇ ಚಪ್ಪರ, ಮರಳೇ ಪೀಠ. 1923ರ ಮತ್ತು 1974ರ ದೊಡ್ಡ ನೆರೆಯಲ್ಲಿ ನೇತ್ರಾವತಿ ದಡದ ಮನೆ ಅಂಗಡಿಗಳು ಎಷ್ಟೋ ಹೋದವು. ಗುಡಿಯೇ ಇಲ್ಲದ ದೇವರಿಗೆ ನೆರೆ ಏನು ಮಾಡೀತು? ಆದಿ ಸುಬ್ರಹ್ಮಣ್ಯದ ಕಥೆಯೂ ಹಾಗೆ. ದೊಡ್ಡ ಮಳೆ ಬಂದರೆ ದರ್ಪಣ ತೀರ್ಥ ತುಂಬಿ ನೀರು ಗುಡಿಯ ಒಳಗೆ ಬರುತ್ತದೆ, ಇಳಿದ ಮೇಲೆ ತೊಳೆದು ಪೂಜೆ ಮಾಡುತ್ತಾರೆ.

ದೊಡ್ಡದು ಮಾಡಿದರೆ ಏನಾಗ್ತದೆ?

ಈಗ ನಿಮ್ಮ ಪ್ರಶ್ನೆಗೆ ನೇರವಾಗಿ ಬರುತ್ತೇನೆ. ದೊಡ್ಡ ಗುಡಿ ಎಂದರೆ ಗುಡಿ ಮಾತ್ರ ಅಲ್ಲ. ಸಾಮಾನು ಸಾಗಿಸಲು ರಸ್ತೆ, ರಸ್ತೆ ಆದ ಮೇಲೆ ವಾಹನ, ವಾಹನ ಬಂದ ಮೇಲೆ ನಿಲ್ಲಿಸಲು ಜಾಗ, ಅಂಗಡಿ, ಪಾಯಿಖಾನೆ, ರೂಮು. ಇಷ್ಟಕ್ಕೂ ಬೆಟ್ಟ ಜರೆಯಬೇಕು. ನಮ್ಮ ಘಟ್ಟದ ಬೆಟ್ಟಗಳ ಮೇಲೆ ಮಣ್ಣಿನ ದಪ್ಪ ಹೊದಿಕೆ ಉಂಟು, ಅದನ್ನು ಹಿಡಿದು ನಿಲ್ಲಿಸಿದ್ದು ಬೇರು. ಬುಡ ಜರೆದರೆ, ನೀರಿನ ದಾರಿ ಮುಚ್ಚಿದರೆ, ದೊಡ್ಡ ಮಳೆಗೆ ಜಾರುತ್ತದೆ. 2018ರ ಆಗಸ್ಟಿನಲ್ಲಿ ಸುಳ್ಯ–ಮಡಿಕೇರಿ ದಾರಿಯ ಜೋಡುಪಾಲದಲ್ಲಿ ಗುಡ್ಡ ಕುಸಿದು ಮನೆಗಳು ಹೋದದ್ದು, ಜೀವಗಳು ಹೋದದ್ದು ಎಲ್ಲರಿಗೂ ನೆನಪಿದೆ. 2022ರ ಆಗಸ್ಟ್ 1ರ ರಾತ್ರಿಯ ಮಳೆಯಲ್ಲಿ ಸುಬ್ರಹ್ಮಣ್ಯದಲ್ಲೇ, ಪರ್ವತಮುಖಿಯಲ್ಲಿ, ಮನೆಯ ಮೇಲೆ ಗುಡ್ಡ ಕುಸಿದು ಇಬ್ಬರು ಮಕ್ಕಳು ತೀರಿಕೊಂಡರು. ಆ ಗುಡ್ಡಗಳ ಮೇಲೆ ಯಾರೂ ದೇವಸ್ಥಾನ ಕಟ್ಟಿರಲಿಲ್ಲ, ಅದು ಬೇರೆ ಮಾತು. ಮನೆ, ರಸ್ತೆಗಳ ಭಾರವನ್ನೇ ತಾಳದ ಮಣ್ಣು ಎಂಬುದಷ್ಟೇ ನಾನು ಹೇಳುವುದು.

ಉತ್ತರದ ಕಡೆ ಯಾತ್ರೆ ಹೋದವರಿಗೆ ಕೇದಾರ ಗೊತ್ತು. 3583 ಮೀಟರು ಎತ್ತರ. 2013ರ ಜೂನಿನ ಪ್ರಳಯದಲ್ಲಿ ಸುತ್ತಲಿನ ವಸತಿಗೃಹ, ಅಂಗಡಿಗಳು ಕೊಚ್ಚಿಹೋದವು. ಹಳೆಯ ಕಲ್ಲಿನ ದೇವಸ್ಥಾನ ನಿಂತಿತು. ಹಿಂದೆ ಬಂದು ನಿಂತ ಬಂಡೆ ನೀರನ್ನು ಇಬ್ಭಾಗ ಮಾಡಿತು. ಸಾವಿರಾರು ಜನ ಸತ್ತದ್ದು ಮಾತ್ರ ಸುತ್ತಮುತ್ತ ಸೇರಿದ್ದರಿಂದ. ಅದಕ್ಕಿಂತಲೂ ಎತ್ತರದಲ್ಲಿ, 3680 ಮೀಟರಿನಲ್ಲಿ, ತುಂಗನಾಥ ಎಂಬ ಚಿಕ್ಕ ಶಿವಾಲಯ. ಅದು ಐದಾರು ಡಿಗ್ರಿ ವಾಲಿದೆ ಎಂದು ಪುರಾತತ್ವ ಇಲಾಖೆಯವರು ಕಂಡುಕೊಂಡದ್ದು 2023ರಲ್ಲಿ ಪತ್ರಿಕೆಗಳಲ್ಲಿ ಬಂತು. ಬೆಟ್ಟದ ನೆಲ ನಿಂತಲ್ಲೇ ನಿಲ್ಲುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ನಮ್ಮ ರಾಜ್ಯದಲ್ಲೇ ಒಳ್ಳೆಯ ಉದಾಹರಣೆಗಳೂ ಇವೆ. ಕೊಡಚಾದ್ರಿಯ ತುದಿಯಲ್ಲಿ, 1343 ಮೀಟರು ಎತ್ತರದಲ್ಲಿ, ಶಂಕರಾಚಾರ್ಯರ ಸರ್ವಜ್ಞ ಪೀಠವೆಂದು ಪ್ರಸಿದ್ಧವಾದ ಪುಟ್ಟ ಕಲ್ಲಿನ ಮಂಟಪ ಉಂಟು. ಒಂದು ಚಿಕ್ಕ ಕೋಣೆ, ಅಷ್ಟೇ. ಕೊಲ್ಲೂರಿನಲ್ಲಿ ಎಷ್ಟು ವೈಭವ ಇದ್ದರೂ ಮೇಲಿನ ಮಂಟಪ ಇದ್ದ ಹಾಗೇ ಇದೆ, ಅದನ್ನು ನೋಡಿದವರು ಮರೆಯುವುದಿಲ್ಲ. ಗುಂಡ್ಲುಪೇಟೆ ಹತ್ತಿರದ ಹಿಮವದ್ ಗೋಪಾಲಸ್ವಾಮಿ ಬೆಟ್ಟಕ್ಕೆ ಖಾಸಗಿ ವಾಹನ ನಿಲ್ಲಿಸಿ ಕೆಳಗಿನಿಂದ ಸರಕಾರಿ ಬಸ್ಸು ಮಾತ್ರ ಬಿಡುತ್ತಾರೆ. ಸುರುವಿಗೆ ಜನ ಗೊಣಗಿದರು, ಈಗ ಅದೇ ಸರಿ ಎನ್ನುತ್ತಾರೆ.

ಕುಮಾರ ಪರ್ವತದ ಮಟ್ಟಿಗೆ ಇನ್ನೊಂದು ಸಂಗತಿ. ಅದು ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. 1987ರಲ್ಲಿ ಘೋಷಣೆಯಾದ, 102 ಚದರ ಕಿಲೋಮೀಟರಿನ ಅರಣ್ಯ. 2012ರಲ್ಲಿ ಯುನೆಸ್ಕೋ ಪಶ್ಚಿಮ ಘಟ್ಟದ 39 ಜಾಗಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಪುಷ್ಪಗಿರಿಯೂ ಅದರಲ್ಲಿ ಸೇರಿತು. ಅಂದ ಮೇಲೆ ಅಲ್ಲಿ ಹೊಸ ಕಟ್ಟಡದ ಮಾತೇ ಬರುವುದಿಲ್ಲ. ಬಂದದ್ದು ಬೇರೆ ಉಪದ್ರ. 2024ರ ಜನವರಿ ಕೊನೆಯಲ್ಲಿ ಗಣರಾಜ್ಯೋತ್ಸವದ ರಜೆಗಳು ಒಟ್ಟಿಗೆ ಬಂದಾಗ ಸಾವಿರಾರು ಜನ ಒಮ್ಮೆಲೇ ಬೆಟ್ಟ ಹತ್ತಲು ಬಂದು, ತಪಾಸಣೆಯ ಗೇಟಿನಲ್ಲಿ ಜಾತ್ರೆಯ ನೂಕುನುಗ್ಗಲು. ಆ ಚಿತ್ರಗಳು ಎಲ್ಲರ ಮೊಬೈಲಿನಲ್ಲೂ ಓಡಾಡಿದವು. ಅದರ ನಂತರ ಸರಕಾರ ಚಾರಣ ನಿಲ್ಲಿಸಿ, ಮುಂಗಡ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿತು. ಚಿಕ್ಕ ಗುಡಿಗೆ ಗುಡಿಯವರಿಂದ ಆಗದ ತೊಂದರೆ ನೋಡಲು ಬಂದವರಿಂದ ಆಗುತ್ತದೆ.

ಹೋಗುವವರಿಗೆ

ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ, ಮಳೆಗಾಲದಲ್ಲಿ ಜಾರುವ ಭಯಕ್ಕೆ ದಾರಿ ಮುಚ್ಚಿರುತ್ತಾರೆ. ಮಳೆ ಬಿಟ್ಟ ಮೇಲಿನ ಮೂರು ನಾಲ್ಕು ತಿಂಗಳೇ ಕಾಲ. ಹೊರಡುವ ಮೊದಲು ಅರಣ್ಯ ಇಲಾಖೆಯ ಬುಕಿಂಗ್ ಆಗಿದೆಯಾ ನೋಡಿಕೊಳ್ಳಿ. ಆಗದೆ ಬಂದು ಗೇಟಿನಲ್ಲಿ "ದೇವರ ದರ್ಶನಕ್ಕೆ ಬಂದವರು" ಎಂದರೆ ಕೇಳುವುದಿಲ್ಲ, ಕೇಳಬಾರದು ಕೂಡ. ಬೆಳಿಗ್ಗೆ ಬೇಗ ಹೊರಡಿ. ಮೇಲೆ ರಾತ್ರಿ ಉಳಿಯಲು ಬಿಡುವುದಿಲ್ಲ. ಮಂಡಿ ನೋವು, ಉಬ್ಬಸ, ಹೃದಯದ ತೊಂದರೆ ಇದ್ದವರು ಹರಕೆ ಇದ್ದರೂ ಹತ್ತಬೇಡಿ. ಬುಡದಿಂದ ಬೆಟ್ಟದ ಕಡೆಗೆ ಕೈ ಮುಗಿದರೂ ಅದು ಬೆಟ್ಟಕ್ಕೇ ಸಲ್ಲುತ್ತದೆ. ಸೋಮವಾರಪೇಟೆ ಕಡೆಯಿಂದ ಬರುವವರಿಗೆ ದಾರಿ ಕಡಿಮೆ, ಬುಡದಲ್ಲೇ ಶಾಂತಮಲ್ಲಿಕಾರ್ಜುನ ದೇವಸ್ಥಾನವೂ ಉಂಟು.

ಒಂದು ವಿಷಯ ಭಕ್ತರಿಗೆ ಬೇಸರ ಆದರೂ ಹೇಳಬೇಕು. ಶಿಖರದ ಗುಡಿಯಲ್ಲಿ ಕರ್ಪೂರ, ಊದುಬತ್ತಿ ಹಚ್ಚಬೇಡಿ. ಸುತ್ತ ಒಣಗಿದ ಮುಳಿಹುಲ್ಲು, ಯಾವಾಗಲೂ ಗಾಳಿ. ಒಂದು ಕಿಡಿ ಹಾರಿದರೆ ಸಂಜೆಯೊಳಗೆ ಗುಡ್ಡಕ್ಕೆ ಗುಡ್ಡ ಕಪ್ಪು. ಹೂವು ಇಟ್ಟು, ಒಂದು ತಂಬಿಗೆ ನೀರು ಎರೆದರೆ ಶಿವನಿಗೆ ಸಾಕು, ಅವನು ಅಭಿಷೇಕಪ್ರಿಯ. ಹೂವು ಕಟ್ಟಿದ ಪ್ಲಾಸ್ಟಿಕ್ ದಾರ, ಕವರು, ನೀರಿನ ಬಾಟಲಿ ಹೊತ್ತುಕೊಂಡು ಹೋದ ಹಾಗೇ ಹೊತ್ತುಕೊಂಡು ಬನ್ನಿ.

ಆರು ಮುಖದ ಕುಮಾರ ಲಿಂಗ ಸಿಗುತ್ತದೆ ಎಂದು ಕೆಲವರು ಮಣ್ಣು ಕೆದಕುತ್ತಾರೆ. ವನ್ಯಜೀವಿ ಧಾಮದಿಂದ ಕಲ್ಲಾಗಲಿ ಗಿಡವಾಗಲಿ ತೆಗೆಯುವುದು 1972ರ ಕಾಯ್ದೆಯಂತೆ ಅಪರಾಧ. ಕಾಯ್ದೆ ಬಿಡಿ, ಸಾವಿರ ಜನ ಒಂದೊಂದು ಕಲ್ಲು ತಂದರೆ ಬೆಟ್ಟದಲ್ಲಿ ಏನು ಉಳಿದೀತು? ಮನೆ ಕಟ್ಟುವ ಹರಕೆಗೆ ಕಲ್ಲಿನ ಮೇಲೆ ಕಲ್ಲು ಪೇರಿಸುವ ಅಭ್ಯಾಸವೂ ಈಗ ಎಲ್ಲ ಬೆಟ್ಟಗಳಿಗೆ ಬಂದಿದೆ. ಕಲ್ಲಿನಡಿಯಲ್ಲಿ ಕಪ್ಪೆ, ಚೇಳು, ಹಲ್ಲಿ ಎಲ್ಲದರ ಮನೆ ಇರುತ್ತದೆ. ನಮ್ಮ ಮನೆಗಾಗಿ ಅವುಗಳ ಮನೆ ಮಗುಚುವುದು ಬೇಡ.

ಕೆಳಗೆ ಕುಮಾರಧಾರೆಯ ಸ್ನಾನಘಟ್ಟದಲ್ಲಿ ಉಟ್ಟ ಬಟ್ಟೆ ನೀರಿಗೆ ಬಿಡುವವರಿದ್ದಾರೆ. ಯಾವ ಶಾಸ್ತ್ರದಲ್ಲಿಯೂ ಹಾಗೆ ಹೇಳಿಲ್ಲ ಎಂದು ಅರ್ಚಕರು, ದೇವಸ್ಥಾನದವರು ಎಷ್ಟು ಹೇಳಿದರೂ ಮುಗಿಯುವುದಿಲ್ಲ. ನೀವು ಬಿಟ್ಟ ಬಟ್ಟೆ ಉಪ್ಪಿನಂಗಡಿಯ ಮರಳಿನವರೆಗೆ ಹೋಗುತ್ತದೆ.

ಕೊಡುವವರಿಗೆ

ಕೊಡುವ ಮನಸ್ಸಿದ್ದವರಿಗೆ ಕೊನೆಯ ಮಾತು, ಇದು ನನ್ನ ಕೆಲಸಕ್ಕೆ ಸೇರಿದ್ದು. ಮುಜರಾಯಿ ಇಲಾಖೆಯ ದೇವಸ್ಥಾನಗಳಲ್ಲಿ ಆದಾಯದ ಪ್ರಕಾರ ಎ, ಬಿ, ಸಿ ಎಂದು ಮೂರು ದರ್ಜೆ, 1997ರ ಕಾಯ್ದೆಯಂತೆ. ಕುಕ್ಕೆ ರಾಜ್ಯದಲ್ಲೇ ಮೊದಲನೆಯದು. 2023–24ರಲ್ಲಿ ಅಲ್ಲಿಯ ಆದಾಯ 146 ಕೋಟಿ ರೂಪಾಯಿ. ಅದೇ ಕಡಬ, ಸುಳ್ಯ ತಾಲೂಕುಗಳ ಒಳಗೆ ಸರಕಾರದ ತಸ್ತೀಕು ಹಣದಲ್ಲಿ ಎಣ್ಣೆಬತ್ತಿಯ ಖರ್ಚು ತೂಗಿಸುವ ಸಿ ದರ್ಜೆಯ ಗುಡಿಗಳು ಬೇಕಾದಷ್ಟಿವೆ. ಅರ್ಚಕರು ಬೆಳಿಗ್ಗೆ ಬಂದು ಒಂದು ನೈವೇದ್ಯ ಮಾಡಿ ತೋಟದ ಕೆಲಸಕ್ಕೆ ಹೋಗುವ ಗುಡಿಗಳು. ನಿಮ್ಮ ಹತ್ತು ಸಾವಿರ ರೂಪಾಯಿ ದೊಡ್ಡ ಕ್ಷೇತ್ರದಲ್ಲಿ ಗೊತ್ತೇ ಆಗುವುದಿಲ್ಲ, ಅಲ್ಲಿ ಒಂದು ಮಳೆಗಾಲ ಸೋರದ ಹಾಗೆ ಮಾಡುತ್ತದೆ.

ಆದರೆ ನಮ್ಮ ಅನುಭವ ಏನೆಂದರೆ, ಗ್ರಾನೈಟು ಹಾಕಿಸಲು, ಮಹಾದ್ವಾರ ಮಾಡಿಸಲು ಜನ ಸಿಗುತ್ತಾರೆ, ಯಾಕೆಂದರೆ ಹೆಸರು ಬರೆಸಲು ಜಾಗ ಇರುತ್ತದೆ. ಒಡೆದ ಹಂಚು ಬದಲಿಸಲು, ಪಕ್ಕಾಸಿಗೆ ಎಣ್ಣೆ ಹಚ್ಚಲು, ಅಂಗಣದ ಚರಂಡಿ ಬಿಡಿಸಲು ಯಾರೂ ಮುಂದೆ ಬರುವುದಿಲ್ಲ. ಹಂಚಿನ ಮೇಲೆ ಯಾರ ಹೆಸರು ಬರೆಯುವುದು?

ಆದ್ದರಿಂದ ಯಾವ ಗುಡಿಗೆ ಕೊಡುವುದಿದ್ದರೂ ಮೊದಲು ಒಂದು ಮಳೆಗಾಲದಲ್ಲಿ ಹೋಗಿ ನೋಡಿ, ಎಲ್ಲಿ ಸೋರುತ್ತದೆ ಎಂದು ಅರ್ಚಕರನ್ನು ಕೇಳಿ. ಕಛೇರಿಯಲ್ಲಿ ಹಣ ಕಟ್ಟುವಾಗ ಬರೇ "ದೇಣಿಗೆ" ಎಂದು ಹೇಳಬೇಡಿ. ಹಾಗೆ ಬರೆದರೆ ಅದು ಸಾಮಾನ್ಯ ನಿಧಿಗೆ ಹೋಗುತ್ತದೆ. "ಮಾಡಿನ ದುರಸ್ತಿ ಬಾಬ್ತು" ಎಂದೋ, "ಬನದ ಗಿಡ ನೆಡುವ ಬಾಬ್ತು" ಎಂದೋ ಬಾಯಿಬಿಟ್ಟು ಹೇಳಿ, ರಶೀದಿಯಲ್ಲಿ ಹಾಗೇ ಬರೆದಿದ್ದಾರಾ ಎಂದು ಕಿಟಕಿ ಬಿಡುವ ಮೊದಲು ಓದಿ ನೋಡಿಕೊಳ್ಳಿ.